ಮಿತಿಯಿಲ್ಲದ ಊಟ ಮತ್ತು ಅವಮೌದರ್ಯ

ನಮ್ಮ ಮೊಮ್ಮಗಳು ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕಗಳನ್ನು ಪಡೆದಾಗ, ಅವಳ ಇಚ್ಛೆಯಂತೆ ಒಂದು ದಿನ ಹೊರಗೆ ಊಟ ಮಾಡಿಸುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಈಗಿನ ಅನೇಕ ಮಕ್ಕಳಂತೆ ಅವಳೂ ಕೊರಿಯಾ ದೇಶದ ಧಾರಾವಾಹಿಗಳನ್ನು ನೋಡುವವಳು. ಗೆಳೆಯರೆಲ್ಲ ಒಂದೇ ಮೇಜಿನ ಸುತ್ತ ಕುಳಿತು, ನಡುವಣ ಒಲೆಯ ಮೇಲೆ ತಾವೇ ಸುಟ್ಟು, ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನುವ ದೃಶ್ಯ ಅವಳ ಮನಸ್ಸಿನಲ್ಲಿ ನಿಂತಿತ್ತು. ಆದರೆ ಆ ಒಲೆಯ ಮೇಲೆ ಬೇಯುವುದು ಮಾಂಸ. ಅದು ನಮಗೆ ಸಲ್ಲದು. ಕೊನೆಗೆ ಅದೇ ಬಗೆಯ ಒಲೆಯ ವ್ಯವಸ್ಥೆಯಿದ್ದು ಸಸ್ಯಾಹಾರವೂ ದೊರೆಯುವ ರಾಜಾಜಿನಗರದ ಒಂದು ಹೋಟೆಲನ್ನು ಮಗ ಗೊತ್ತುಮಾಡಿದ. ನಾನು ನಿಶಿಭೋಜನವನ್ನು ತ್ಯಜಿಸಿದವನಾದ್ದರಿಂದ ಬಸವೇಶ್ವರನಗರದ ಮನೆಯಿಂದ ಮಧ್ಯಾಹ್ನವೇ ಹೊರಟೆವು.

ಅಲ್ಲಿ ತಲೆಗೆ ಇಷ್ಟೆಂದು ಹಣ ಕೊಟ್ಟರಾಯಿತು, ಎಷ್ಟು ಬೇಕಾದರೂ ತಿನ್ನಬಹುದು. ಮೇಜಿನ ನಡುವೆ ಕೆಂಡದ ಒಲೆ. ಅದರ ಮೇಲೆ ಪನೀರು, ಅನಾನಸು ಮೊದಲಾದವನ್ನು ಪೋಣಿಸಿದ ಕಂಬಿಗಳು. ಪಕ್ಕದಲ್ಲಿ ಒಂದು ಪುಟ್ಟ ಬಾವುಟ. ಅದು ನಿಂತಿರುವವರೆಗೆ ಬಡಿಸುವ ಹುಡುಗರು ತಂದಿಡುತ್ತಲೇ ಇರುತ್ತಾರೆ. ಸಾಕೆನಿಸಿದಾಗ ನಾವೇ ಅದನ್ನು ಇಳಿಸಬೇಕು. ಆಲೂಗೆಡ್ಡೆ, ಅಣಬೆಗಳು ಬೇಡವೆಂದು ಮೊದಲೇ ತಿಳಿಸಿದೆವು.

ಪಕ್ಕದ ಮೇಜಿನಲ್ಲಿ ಮಾಂಸಾಹಾರ ನಡೆದಿತ್ತು. ಅಂಥ ಸ್ಥಳದಲ್ಲಿ ಕುಳಿತದ್ದೇ ತಪ್ಪಲ್ಲವೇ ಎಂದು ವಾಚಕರು ಕೇಳಿದರೆ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ನಾನು ಒಪ್ಪಿಕೊಳ್ಳಬೇಕಾದ ದೋಷ ಬೇರೊಂದಿದೆ. ಅವರ ತಟ್ಟೆಯನ್ನು ಕಂಡು ಮನಸ್ಸಿನಲ್ಲೇ ಅವರನ್ನು ನಿಂದಿಸುತ್ತಿದ್ದ ನಾನು, ನನ್ನ ಕೈ ಏನು ಮಾಡುತ್ತಿದೆಯೆಂಬುದನ್ನು ಗಮನಿಸಲೇ ಇಲ್ಲ. ಮೊಮ್ಮಗಳು, "ತಾತ, ಹೊಟ್ಟೆ ತುಂಬಿತು, ಬಾವುಟ ಇಳಿಸಲೇ?" ಎಂದಳು. "ಇರಲಿ ಮಗು, ಹಣ ಕೊಟ್ಟಿದ್ದೇವೆ, ಇನ್ನೊಂದು ಸುತ್ತು ಬರಲಿ" ಎಂದವನು ನಾನೇ. ಬಂದದ್ದರಲ್ಲಿ ಅರ್ಧವನ್ನೂ ತಿನ್ನಲಾಗಲಿಲ್ಲ. ನಾವು ಏಳುವಾಗ ಹುಡುಗನೊಬ್ಬ ಬಂದು ಎರಡೂ ಮೇಜುಗಳ ಉಳಿಕೆಯನ್ನು ಒಂದೇ ತೊಟ್ಟಿಗೆ ಸುರಿದ. ಅಲ್ಲಿ ಅವರದು ಯಾವುದು, ನಮ್ಮದು ಯಾವುದು ಎಂಬ ಭೇದ ಉಳಿಯಲಿಲ್ಲ.

ಆರು ಬಾಹ್ಯ ತಪಗಳಲ್ಲಿ ಅನಶನದ ನಂತರದ್ದು ಅವಮೌದರ್ಯ, ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ಕವಳ, ಸ್ತ್ರೀಯದು 28 ಕವಳ ಎಂದು ಶಾಸ್ತ್ರ ಹೇಳುತ್ತದೆ. ಅದರಲ್ಲಿ ಒಂದು ಕವಳ ಕಡಿಮೆ ಮಾಡಿದರೂ ಅದು ತಪವೇ. ಉಪವಾಸ ಮಾಡಲಾರದವನೂ ಮಾಡಬಹುದಾದ ತಪವಿದು. ಮುನಿಗಳು ದಿನಕ್ಕೊಮ್ಮೆ ನಿಂತು ತಮ್ಮ ಅಂಗೈಯಲ್ಲೇ ಆಹಾರ ಸ್ವೀಕರಿಸುತ್ತಾರೆ. ಆ ಪಾತ್ರೆಗೆ ಅಳತೆಯುಂಟು. ಶ್ರಾವಕನಿಗೂ ಭೋಗೋಪಭೋಗ ಪರಿಮಾಣವ್ರತ ವಿಧಿತವಾಗಿದೆ. ಮಿತಿಯನ್ನು ಊಟಕ್ಕೆ ಕೂರುವ ಮೊದಲೇ ನಿಶ್ಚಯಿಸಬೇಕು; ರುಚಿ ನಾಲಗೆಗೆ ತಗುಲಿದ ಮೇಲೆ ನಿಶ್ಚಯಿಸುವುದು ಕಷ್ಟ. ಸಸ್ಯಾಹಾರವೂ ಸಂಪೂರ್ಣ ನಿರ್ದೋಷವಲ್ಲ; ಅದರಲ್ಲಿಯೂ ಏಕೇಂದ್ರಿಯ ಜೀವಗಳ ಹಿಂಸೆಯುಂಟು. ದೇಹಧಾರಣೆಗೆ ಅನಿವಾರ್ಯವಾದಷ್ಟನ್ನು ಗೃಹಸ್ಥನು ತಪ್ಪಿಸಲಾರ. ಆದರೆ ತೊಟ್ಟಿಗೆ ಸುರಿದ ಅನ್ನಕ್ಕೆ ಯಾವ ಅನಿವಾರ್ಯತೆಯಿತ್ತು? ಕೊಟ್ಟ ಹಣವನ್ನು ವಸೂಲು ಮಾಡಿಕೊಳ್ಳಬೇಕೆಂಬ ಬುದ್ಧಿ ಹೊಟ್ಟೆಯೊಳಗೆ ಹೊಕ್ಕ ಪರಿಗ್ರಹವೇ ಸರಿ.

ಈ ಮಾತನ್ನು ಮನೆಯಲ್ಲಿ ಆಡಿದಾಗ ಮೊಮ್ಮಗಳು ತಾನು ತಿಳಿದ ಇನ್ನೊಂದು ಸಂಗತಿಯನ್ನು ಹೇಳಿದಳು. ಅದೇ ಕೊರಿಯಾದ ಬೌದ್ಧ ವಿಹಾರಗಳ ಆಹಾರದಲ್ಲಿ ಮಾಂಸವಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಮೊದಲಾದ ಐದು ತೀಕ್ಷ್ಣ ಪದಾರ್ಥಗಳೂ ವರ್ಜ್ಯ. 'ಬಾರು ಗೊಂಗ್ಯಾಂಗ್' ಎಂಬ ಭೋಜನವಿಧಿಯಲ್ಲಿ ಭಿಕ್ಷುಗಳು ನಾಲ್ಕು ಬಟ್ಟಲುಗಳಲ್ಲಿ ಮೌನವಾಗಿ ಉಣ್ಣುತ್ತಾರೆ. ಉಂಡ ಮೇಲೆ ಬಟ್ಟಲುಗಳನ್ನು ನೀರಿನಿಂದ ತೊಳೆದು, ಅನ್ನದ ಕಣ ಬೆರೆತ ಆ ನೀರನ್ನೂ ಕುಡಿಯುತ್ತಾರೆ. ಒಂದು ಅಗುಳೂ ವ್ಯರ್ಥವಾಗದು. ನಾನು ಅನ್ಯವೆಂದು ದೂರವಿಟ್ಟ ದೇಶದಿಂದಲೇ ನನಗೆ ಪಾಠ ಬಂದಿತು.

ಇದು ಹೋಟೆಲುಗಳಿಗಷ್ಟೇ ಸೀಮಿತವಾದ ಮಾತಲ್ಲ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ವ್ಯರ್ಥವಾಗುತ್ತದೆಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಯನವೊಂದು 2012ರಲ್ಲಿ ಅಂದಾಜು ಮಾಡಿತ್ತು. ಅವುಗಳಲ್ಲಿ ನಮ್ಮವರ ಮದುವೆಗಳಿಲ್ಲವೆಂದು ಹೇಳಬಲ್ಲೆವೇ? ಪಂಚಕಲ್ಯಾಣ, ಆರಾಧನೆಗಳ ಸಮಾರಾಧನೆಯಲ್ಲಿಯೂ ಎಲೆ ತುಂಬ ಬಡಿಸಿ ಅರ್ಧ ಮಡಿಸಿ ಏಳುವುದು ಸಾಮಾನ್ಯ. ಬಸದಿಗಳ ಆಡಳಿತ ಮಂಡಳಿಗಳು ಭಕ್ಷ್ಯಗಳ ಸಂಖ್ಯೆಗೊಂದು ಮಿತಿ ಹಾಕಿ, ಮೊದಲು ಸ್ವಲ್ಪವೇ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸುವ ಕ್ರಮವನ್ನು ತಂದರೆ ಅದು ಪ್ರವಚನಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಯಾವಜ್ಜೀವದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಬೋಧಿಸಿದ್ದಾರೆ. ನನ್ನ ಶಕ್ತಿಯನ್ನು ಬಲ್ಲ ನಾನು ನಿಯಮವನ್ನೇ ಆರಿಸಿಕೊಂಡೆ: ಮುಂದಿನ ಅಷ್ಟಾಹ್ನಿಕದವರೆಗೆ ತಟ್ಟೆಯಲ್ಲಿ ಏನನ್ನೂ ಬಿಡುವುದಿಲ್ಲ, ಹಸಿವು ಇನ್ನೂ ಸ್ವಲ್ಪ ಇರುವಾಗಲೇ ಏಳುತ್ತೇನೆ. ಈಗ ನಾನು ಎರಡನೆಯ ಬಾರಿ ಸಾರಿಗೆ ಕೈ ನೀಡಿದಾಗ ಮೊಮ್ಮಗಳು, "ತಾತ, ಬಾವುಟ" ಎನ್ನುತ್ತಾಳೆ. ನಾನು ನಕ್ಕು ಕೈ ತೊಳೆಯಲು ಏಳುತ್ತೇನೆ.