ತಲಕಾಡಿನಲ್ಲಿ ಅಜ್ಜಿಗೆ ರಜೆ

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ನಂಜನಗೂಡಿಗೆ ಬಂದ ಮೊಮ್ಮಕ್ಕಳಿಬ್ಬರೂ ಹಟ ಹಿಡಿದರು. ‘ತಾತ, ಸಮುದ್ರ ನೋಡಬೇಕು!’ ಸಮುದ್ರ ನಮ್ಮೂರಿಗೆ ಬಲು ದೂರ. ನನಗೆ ಎಪ್ಪತ್ತನಾಲ್ಕು ವರ್ಷ, ಅವರ ಅಜ್ಜಿಗೆ ಮಂಡಿನೋವು. ‘ಸಮುದ್ರ ಇನ್ನೊಮ್ಮೆ ನೋಡೋಣ. ಈಗ ಸಮುದ್ರದ ದಂಡೆಯಷ್ಟೇ ಮರಳಿರುವ ಊರಿಗೆ ಹೋಗೋಣ’ ಎಂದೆ. ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡು ನನ್ನ ಮನಸ್ಸಿನಲ್ಲಿತ್ತು.

ಅಲ್ಲಿ ಗದ್ದೆಯ ಅಂಚಿನಲ್ಲಿ, ಪರಿಚಯದವರ ಎರಡು ಕೋಣೆಯ ಮನೆ ಎರಡು ರಾತ್ರಿಗೆ ಸಿಕ್ಕಿತು. ಗ್ಯಾಸ್ ಒಲೆ ಇದೆ, ನಾಲ್ಕು ಪಾತ್ರೆ ಇವೆ, ಅಡುಗೆ ನಾವೇ ಮಾಡಿಕೊಳ್ಳಬೇಕು. ಇದನ್ನು ಕೇಳಿದ್ದೇ ತಡ, ನಮ್ಮವಳು, ‘ನೀವು ಹೋಗಿಬನ್ನಿ, ನಾನು ಬರಲ್ಲ’ ಎಂದಳು.

‘ಯಾಕೆ?’

‘ಒಲೆ ಮುಂದೆ ನಿಲ್ಲೋದಕ್ಕೆ ತಲಕಾಡಿಗೆ ಯಾಕೆ ಹೋಗಬೇಕೂಂದ್ರೆ? ಇಲ್ಲೇ ಒಲೆ ಇದೆಯಲ್ಲ.’

ನನ್ನ ಬಾಯಿ ಕಟ್ಟಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಎಲ್‌ಎಫ್‌ಸಿ ಎಂಬ ಸೌಲಭ್ಯವಿತ್ತು. ರಜೆಯಲ್ಲಿ ಸಂಸಾರ ಸಮೇತ ಊರು ನೋಡಲು ಬ್ಯಾಂಕೇ ಪ್ರಯಾಣದ ಖರ್ಚು ಕೊಡುತ್ತಿತ್ತು. ಮಧುರೆ, ರಾಮೇಶ್ವರ, ಪಂಢರಪುರ ಎಲ್ಲ ಸುತ್ತಿದೆವು. ಹೋದಲ್ಲೆಲ್ಲ ಛತ್ರ. ಜೊತೆಗೆ ಸೀಮೆಎಣ್ಣೆ ಸ್ಟೋವ್, ಅಕ್ಕಿ, ಹುಳಿಪುಡಿ. ನಾನೂ ಮಕ್ಕಳೂ ಗೋಪುರ ನೋಡುತ್ತಿದ್ದೆವು, ಅವಳು ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ನೋಡಲು ಬಂದವರು ಕಪಿಲೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದವರೆಲ್ಲ ಹೆಂಗಸರೇ. ಅದನ್ನೂ ಕಂಡಿದ್ದೆ, ಆದರೆ ಯೋಚಿಸಿರಲಿಲ್ಲ.

‘ಈ ಸಲ ಅಡುಗೆ ನಮ್ಮದು. ನೀನು ಒಲೆಯ ಹತ್ತಿರವೇ ಬರಕೂಡದು’ ಎಂದೆ. ಅವಳು ನಂಬಲಿಲ್ಲ. ಆದರೂ ಹೊರಟಳು.

ಸಾಮಾನಿನ ಪಟ್ಟಿ ನಾನೇ ಬರೆದೆ. ಅಕ್ಕಿ, ಬೇಳೆ, ರವೆ, ಎಣ್ಣೆ, ಬೆಂಕಿಪೊಟ್ಟಣ, ಹುಡುಕಿ ತಂದ ಒಂದು ಚಿಪ್ಪು ರಸಬಾಳೆ. ಒಂದೊಂದಕ್ಕೂ ಗುರುತು ಹಾಕಿ, ಎರಡು ಸಲ ತಾಳೆ ನೋಡಿದೆ. ಸಂಜೆ ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗದಿದ್ದ ಮನುಷ್ಯ ನಾನು!

ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಹೊರಟೆವು. ತಿ. ನರಸೀಪುರದ ಸಂಗಮದಲ್ಲಿ ಇಳಿದೆವು. ಕೇರಳದ ವಯನಾಡಿನಲ್ಲಿ ಹುಟ್ಟಿ, ನಂಜುಂಡೇಶ್ವರನ ಊರನ್ನು ಮುಟ್ಟಿಬರುವ ಕಪಿಲೆ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. ‘ಅಂದರೆ ನಮ್ಮೂರ ನದಿ ನಮಗಿಂತ ಮೊದಲೇ ತಲಕಾಡಿಗೆ ಹೊರಟಿದೆ’ ಎಂದಳು ಮೊಮ್ಮಗಳು.

ತಲಕಾಡು ಸೇರುವಾಗ ದೀಪ ಹಚ್ಚುವ ಹೊತ್ತು. ಅನ್ನಕ್ಕಿಟ್ಟು ಬೇಳೆ ಬೇಯಿಸಿದೆವು. ಒಗ್ಗರಣೆ ಹಾಕುವಾಗ ಗೊತ್ತಾಯಿತು, ಉಪ್ಪೇ ಇಲ್ಲ! ಪಟ್ಟಿಯಲ್ಲೇ ಬರೆದಿರಲಿಲ್ಲ. ಎರಡು ಸಲ ತಾಳೆ ನೋಡಿದರೆ ಏನು ಬಂತು? ಜಗುಲಿಯ ಮೇಲಿದ್ದ ನಮ್ಮವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಮೊಮ್ಮಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಿದ. ಆ ಮನೆಯ ಅಮ್ಮ, ‘ದೀಪ ಹಚ್ಚಿದ್ಮೇಲೆ ಉಪ್ಪು ಕೊಡಬಾರ್ದು ಕಣ್ ಮಗ, ಲಕ್ಷ್ಮಿ ಹೊಂಟೋಗ್ತಾಳೆ’ ಎಂದರಂತೆ. ಅವನ ಮುಖ ಸಪ್ಪಗಾದದ್ದನ್ನು ನೋಡಿ, ‘ಉಪ್ಪು ಕೊಡಬಾರ್ದು, ಸಾರು ಕೊಡಬೋದು’ ಎಂದು ಒಂದು ಪಾತ್ರೆ ಹುರುಳಿಕಾಳು ಸಾರು ಕೊಟ್ಟು ಕಳಿಸಿದರು! ಬೆಳಿಗ್ಗೆ ಅವರೇ ತೆಂಗಿನ ಚಿಪ್ಪಿನಲ್ಲಿ ಕಲ್ಲುಪ್ಪು ತಂದರು. ಕೈಗೆ ಕೊಡದೆ ಜಗುಲಿಯ ಮೇಲಿಟ್ಟರು. ನಮ್ಮ ರಸಬಾಳೆಯಲ್ಲಿ ಅರ್ಧ ಚಿಪ್ಪು ಅವರ ಮನೆಗೆ ಹೋಯಿತು.

ಉಪ್ಪಿಟ್ಟು ಗಂಟುಗಂಟಾಯಿತು, ತಿಂದು ಹೊರಟೆವು. ಮರಳಿನ ದಾರಿಯಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಗಂಗರ ರಾಜಧಾನಿಯಾಗಿದ್ದ ಊರು ಇದು. ಪಾತಾಳೇಶ್ವರನನ್ನು ನೋಡಲು ಮರಳಿನ ನಡುವೆ ಮೆಟ್ಟಿಲಿಳಿಯಬೇಕು. ಚೋಳರನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಮರಳು ತೆಗೆದು ಬಿಡಿಸಿದ್ದಾರೆ.

ನಮ್ಮವಳು ನಿಧಾನವಾಗಿ ನಡೆದುಬಂದು, ಹೊಳೆಯ ದಂಡೆಯಲ್ಲಿ ಕೂತು ನೀರಿಗೆ ಕಾಲಿಟ್ಟಳು. ‘2013ರ ಪಂಚಲಿಂಗ ದರ್ಶನಕ್ಕೂ ಬಂದಿದ್ದೆವಲ್ಲ, ಅಡುಗೆಗೆ ಹೊತ್ತಾಯಿತೆಂದು ಓಡಿದ್ದೆ. ಈ ಹೊಳೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ’ ಎಂದಳು. ಆಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅಲಮೇಲಮ್ಮನ ಕಥೆ ಹೇಳಿದಳು. ಒಡವೆಗಾಗಿ ರಾಜ ಒಡೆಯರ ಕಡೆಯವರು ಬೆನ್ನಟ್ಟಿದಾಗ ಆಕೆ ತಲಕಾಡು ಮರಳಾಗಲೆಂದು ಶಾಪವಿತ್ತು ಕಾವೇರಿಗೆ ಹಾರಿದ ಕಥೆ. ‘ನಿಜವಾ ತಾತ?’ ಎಂದ ಮೊಮ್ಮಗ. 14ನೇ ಶತಮಾನದಲ್ಲಿ ಇಲ್ಲಿ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ನದಿಯ ಮರಳು ಬಯಲಾಗಿ, ಮುಂಗಾರು ಗಾಳಿ ಅದನ್ನು ಊರೊಳಗೆ ತಂದಿತೆಂದು ವಿಜ್ಞಾನಿಗಳು ಹೇಳುತ್ತಾರೆ ಎಂದೆ. ‘ಎರಡೂ ಚೆನ್ನಾಗಿದೆ. ಅಜ್ಜಿ ಹೇಳಿದ್ದು ಇನ್ನೂ ಚೆನ್ನಾಗಿದೆ’ ಎಂದ. ಅವಳ ಬಳಿ ಇಷ್ಟು ಕಥೆಯಿದೆಯೆಂದು ನನಗೂ ಗೊತ್ತಿರಲಿಲ್ಲ. ಹೇಳಲು ಬಿಡುವಾದರೂ ಎಲ್ಲಿತ್ತು?

ಮನೆಗೆ ಮರಳಿದ ರಾತ್ರಿ ಅವಳೇ ಒಲೆ ಹಚ್ಚಿದಳು. ಯಾರೂ ಕರೆಯದಿದ್ದರೂ ಮೊಮ್ಮಗ ಹೋಗಿ ಬೆಳ್ಳುಳ್ಳಿ ಬಿಡಿಸಲು ಕೂತ. ನಾನು ತಟ್ಟೆ ಇಟ್ಟೆ. ‘ಸೇವೆಯಲ್ಲಿದ್ದಾಗ ನಿಮಗೆ ವರ್ಷವರ್ಷವೂ ರಜೆ ಕೂಡಿಡುತ್ತಿದ್ದರಲ್ಲ, ನಂದೆಷ್ಟಿದೆ ಲೆಕ್ಕ ಹಾಕಿ’ ಎಂದು ಅವಳು ನಕ್ಕಳು. ನಲವತ್ತೇಳು ವರ್ಷದ ಲೆಕ್ಕ! ಈಗ ಭಾನುವಾರ ಬೆಳಗಿನ ತಿಂಡಿ ನನ್ನದು. ಬಾಕಿ ಹಾಗೆ ತೀರುತ್ತಿದೆ.

ಮಕ್ಕಳೇ, ಮುಂದಿನ ರಜೆಗೆ ನೀವೂ ಹೀಗೆ ಹೊರಟರೆ ಅಜ್ಜಿಯನ್ನೋ ಅಮ್ಮನನ್ನೋ ಒಂದು ಮಾತು ಕೇಳಿ: ‘ನಿಮಗೆ ರಜೆ ಯಾವಾಗ?’ ಪಟ್ಟಿ ಬರೆಯುವಾಗ ಮೊದಲು ಉಪ್ಪು ಬರೆಯಿರಿ!