ನೀರಿನ ಜಾಡಿನಲ್ಲಿ: ನ್ಯಾಮತಿಯಿಂದ ಜಗಳೂರಿನವರೆಗೆ

ಪರದೇಶದಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ತಮ್ಮನ ಮಗಳು 2025ರ ಶ್ರಾವಣ ಮಾಸದಲ್ಲಿ ರಜೆಗೆಂದು ಊರಿಗೆ ಬಂದಿದ್ದಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಆಕೆ ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಪಡೆದು ಅಂತರ್ಜಲವನ್ನು ಕುರಿತು ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿದ್ದಾಳೆ. ಪೋರ್ಚುಗಲ್ಲಿನ ಲಿಸ್ಬನ್ ಹಾಗೂ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ನಗರಗಳ ಪಾಠ ಮುಗಿದಿತ್ತು. ಜರ್ಮನಿಯ ಡ್ರೆಸ್ಡೆನ್‌ಗೆ ಹೋಗುವುದಿತ್ತು. “ದೊಡ್ಡಪ್ಪ, ನಮ್ಮ ಜಿಲ್ಲೆಯ ನೀರನ್ನೇ ನಾನು ಸರಿಯಾಗಿ ನೋಡಿಲ್ಲ, ಕರೆದುಕೊಂಡು ಹೋಗುತ್ತೀರಾ?” ಎಂದು ಕೇಳಿದಳು. ಮನೆಮಂದಿಯೆಲ್ಲ ಹೊರಟೆವು.

ಮೊದಲು ನ್ಯಾಮತಿಯ ಕಡೆಗೆ ಹೋದೆವು. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದಲ್ಲಿ ಗುಡ್ಡದ ಮಡಿಲಿನಿಂದ ತೀರ್ಥ ಹರಿದು ಬರುತ್ತದೆ. ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆವು. “ಮರವಿರುವ ಗುಡ್ಡವು ಮಳೆಯನ್ನು ಕುಡಿದಿಟ್ಟುಕೊಂಡು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಕೊಡುತ್ತದೆ. ನಾನು ಓದುತ್ತಿರುವುದೆಲ್ಲ ಇಷ್ಟೇ” ಎಂದು ಹುಡುಗಿ ನಕ್ಕಳು.

ಅಲ್ಲಿಂದ ಹೊನ್ನಾಳಿಗೆ ಬಂದು ಹಿರೇಕಲ್ಮಠದಲ್ಲಿ ದರ್ಶನ ಮಾಡಿ, ಪ್ರಸಾದ ಸ್ವೀಕರಿಸಿ ಹೊಳೆಯ ದಂಡೆಗೆ ನಡೆದೆವು. ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಅಂದು ಇಲ್ಲಿ ದಂಡೆ ಮುಟ್ಟಿ ಹರಿಯುತ್ತಿದ್ದರು. ಮೆಟ್ಟಿಲಿನ ಮೇಲೆ ಕುಳಿತು ಆಕೆ ಡೆಲ್ಫ್ಟಿನ ಸಂಗತಿ ಹೇಳಿದಳು. ಆ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರನ್ನು ಹೊರಗಿಡಲು ಅಲ್ಲಿಯ ಜನ 13ನೆಯ ಶತಮಾನದಿಂದಲೂ ನೀರಿನ ಮಂಡಳಿಗಳನ್ನು ಕಟ್ಟಿಕೊಂಡಿದ್ದಾರೆ. ಇಂದಿಗೂ ಅವುಗಳಿಗೆ ಚುನಾವಣೆ ನಡೆಯುತ್ತದೆ, ಅವುಗಳಿಗೇ ಪ್ರತ್ಯೇಕ ತೆರಿಗೆ ಸಲ್ಲುತ್ತದೆ. “ಅವರಿಗೆ ನೀರು ಹೆಚ್ಚು, ನಮಗೆ ಕಡಿಮೆ. ಆದರೆ ನೀರು ಒಬ್ಬರ ಸ್ವತ್ತಲ್ಲವೆಂಬುದನ್ನು ಅವರು ಮರೆತಿಲ್ಲ, ದೊಡ್ಡಪ್ಪ” ಎಂದಳು. ಆ ಮಾತು ನಮಗೆ ಎಲ್ಲಿಯೋ ಚುಚ್ಚಿತು.

ಮರುದಿನ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಶಾಂತವ್ವನೆಂಬ ರಾಜಪುತ್ರಿ ಇದನ್ನು ಕಟ್ಟಿಸಿದಳೆಂಬ ಕಥೆಯನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಜಲರಾಶಿ ಕಣ್ಣು ಹಾಯುವವರೆಗೆ ಹರಡಿದೆ. ಏರಿಗೆ ಉದ್ದ ಹೆಚ್ಚಿಲ್ಲ, ಆದರೆ ಅದರ ದಪ್ಪ ಮತ್ತು ಗಟ್ಟಿತನ ಬೆರಗು ಹುಟ್ಟಿಸುವಂಥವು. ಇಲ್ಲಿಂದ ಹೊರಡುವ ಎರಡು ನಾಲೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂಬ ಹೆಸರು. ಚಿತ್ರದುರ್ಗದ ಕುಡಿಯುವ ನೀರಿಗೂ ಈ ಕೆರೆ ಆಸರೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟುವುದನ್ನೇ ಕಾಯಕವಾಗಿ ಕೈಗೊಂಡ ಪರಂಪರೆ ನಮ್ಮದು. ಏರಿಯ ಮೇಲೆ ನಿಂತಾಗ ಅದು ನೆನಪಾಗದಿರಲಿಲ್ಲ.

ನಮ್ಮ ಅಡಕೆ ತೋಟ ಇರುವುದೂ ಇದೇ ತಾಲ್ಲೂಕಿನಲ್ಲಿ. 2024ರ ಬೇಸಿಗೆಯನ್ನು ಇಲ್ಲಿಯ ತೋಟದವರು ಮರೆಯುವಂತಿಲ್ಲ. ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸಿಕೊಂಡವರು ಬಹಳ ಮಂದಿ. ನಾವೂ ತಂದೆವು. ಸಾಲದೆಂದು, ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಸಿ ಎರಡು ಬೋರು ಕೊರೆಸಿದೆವು. ಒಂದರಲ್ಲಿ ಬರಿಯ ಧೂಳು ಬಂದಿತು. ಇನ್ನೊಂದು ನೀರು ಕೊಟ್ಟಿತು. ತಿಂಗಳೊಳಗೆ ಪಕ್ಕದ ಹೊಲದವರ ಬೋರು ನಿಂತುಹೋಯಿತು. ಇದನ್ನು ನಾವು ಯಾರಲ್ಲಿಯೂ ಆಡಿರಲಿಲ್ಲ. ಅಂದು ಆಕೆ ಕೇಳಿದಾಗ ಹೇಳಬೇಕಾಯಿತು.

ಹುಡುಗಿ ನಮ್ಮನ್ನು ಜರೆಯಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತಿಳಿಸಿದಳು: ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ, ಒಮ್ಮೆ ತೆಗೆದ ನೀರು ಮತ್ತೆ ತುಂಬುವುದು ಬಹು ನಿಧಾನ. ಎರಡು ಬೋರುಗಳು ಒಂದೇ ಬಿರುಕಿನಿಂದ ಎಳೆಯುತ್ತಿದ್ದರೆ ಒಬ್ಬರ ಲಾಭ ಮತ್ತೊಬ್ಬರ ನಷ್ಟ.

ಮೂರನೆಯ ದಿನ ದಾವಣಗೆರೆ ದಾಟಿ ಜಗಳೂರು ತಲುಪಿದೆವು. ಅದು ಆಕೆಯ ತಾಯಿಯ ತವರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಜಿಲ್ಲೆ ಒಂದೇ ಆದರೂ ಆಕಾಶ ಬೇರೆ. ಇಲ್ಲಿ ಮಳೆ ಕಡಿಮೆ, ಬರ ಹೆಚ್ಚು. 1950ರಲ್ಲಿ ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶ್ರೀಗಳು ತರಳಬಾಳು ಹುಣ್ಣಿಮೆಯನ್ನು ಆರಂಭಿಸಿದ್ದು ಇದೇ ಊರಿನಲ್ಲಿ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರೆತ್ತಿ ಈ ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಗೂ ಸಿರಿಗೆರೆ ಮಠವೇ ಬೆನ್ನೆಲುಬಾಗಿ ನಿಂತಿತು. ಹೊನ್ನಾಳಿಯಲ್ಲಿ ನಾವು ಕೈತೊಳೆದ ಹೊಳೆ ಇಲ್ಲಿಯ ಕೆರೆಯಂಗಳಕ್ಕೆ ಕೊಳವೆಯಲ್ಲಿ ಬರುತ್ತದೆಂಬುದನ್ನು ನೆನೆದು ಮನಸ್ಸು ತುಂಬಿತು.

ಸಂಜೆ ಜಗಲಿಯ ಮೇಲೆ ಅಜ್ಜಿ ಮೊಮ್ಮಗಳ ಕೈಹಿಡಿದು, “ಅಷ್ಟು ದೂರ ಹೋಗಿ ಓದಿದೆಯಲ್ಲವ್ವಾ, ಬತ್ತಿದ ನಮ್ಮ ಬಾವಿಗೆ ನೀರು ತರ್ತೀಯೇನು?” ಎಂದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ತರೋದಕ್ಕೆ ನನ್ನ ಕೈಲಾಗಲ್ಲ ಅಜ್ಜಿ. ಬಂದ ನೀರು ಎಷ್ಟು ದಿನ ಉಳಿಯುತ್ತೆ ಅಂತ ಲೆಕ್ಕ ಹಾಕಿ ಹೇಳಬಲ್ಲೆ” ಎಂದಳು. ಅಜ್ಜಿ, “ಅಷ್ಟು ಹೇಳೋರೂ ಇಲ್ಲಿ ಯಾರೂ ಇರಲಿಲ್ಲ ಬಿಡು” ಎಂದು ತಲೆ ಸವರಿದರು.

ಆ ವಿದ್ಯಾರ್ಥಿವೇತನದಲ್ಲಿ ಶುಲ್ಕದ ಜೊತೆಗೆ ತಿಂಗಳಿಗೆ 1400 ಯೂರೋ ದೊರೆಯುತ್ತದೆ. ಪದವಿ ಪಡೆದವರು ಆಯಾ ವ್ಯಾಸಂಗಕ್ರಮಕ್ಕೆ ನೇರವಾಗಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ. ಮಕ್ಕಳಿರುವ ಮನೆಗಳು ಇದನ್ನು ಗಮನಿಸಲಿ. ಓದು ಮುಗಿದ ಮೇಲೆ ಆಕೆ ಅಲ್ಲಿಯೇ ನಿಲ್ಲುವಳೋ, ಊರಿಗೆ ಬರುವಳೋ ನಾವು ಕೇಳಲಿಲ್ಲ. ಅದು ಆಕೆಯ ತೀರ್ಮಾನ. ನಮ್ಮ ಕೈಯಲ್ಲಿದ್ದುದನ್ನು ನಾವು ಮಾಡಿದೆವು. ಊರಿಗೆ ಮರಳಿದ ವಾರವೇ ಪಕ್ಕದ ಹೊಲದವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಇನ್ನು ನಮ್ಮ ಬೋರಿನ ನೀರು ವಾರಕ್ಕೆರಡು ದಿನ ಅವರ ತೋಟಕ್ಕೆಂದು ಮಾತು ಕೊಟ್ಟು ಬಂದೆವು.