ನಿಲ್ಲಲಾರದ ಫೋಟೋ

ಹೋದ ಮಳಿಗಾಲದಾಗ ಅವ್ವ ಬಚ್ಚಲದಾಗ ಜಾರಿ ಬಿದ್ದ ಮ್ಯಾಲೆ ಧಾರವಾಡದ ಮನಿ ಪಡಸಾಲ್ಯಾಗ ಒಂದು ಕ್ಯಾಮೆರಾ ಇಟ್ಟು ಬಂದೆ. ಹಳೇದು, ವಿಡಿಯೋ ಸರಿ ಬರಂಗಿಲ್ಲ, ಕೇಳಿದಾಗೊಮ್ಮೆ ಒಂದು ಫೋಟೋ ಕೊಡತೈತಿ, ಅಷ್ಟ. ಬೆಂಗಳೂರಾಗ ಕೂತು ನೋಡಾಕ ನಾನ ಒಂದು ಪುಟ ಬರಕೊಂಡೆ. ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್ವಲ್‌ಗೆ 1000 ಅಂತ ಕೊಟ್ಟರೆ ಸೆಕೆಂಡಿಗೊಮ್ಮೆ ಹೊಸಾ ಫೋಟೋ. 'ನೋಡು', 'ನಿಲ್ಲಿಸು' ಅಂತ ಎರಡು ಬಟನ್.

ಅವ್ವ ಒಂದು ಕರಾರು ಹಾಕಿದ್ಲು. "ನಾ ತಲಿ ಬಾಚಕೊಳ್ಳೂ ಮುಂದ ಫೋನ್ ಮಾಡ್ತೀನಿ. ಅದನ್ನ ನಿಲ್ಲಿಸಬೇಕು ನೋಡಪಾ." ತಲಿ ಮ್ಯಾಲಿನ ಸೆರಗು ಯಾರ ಮುಂದನೂ ತಗದಾಕಿ ಅಲ್ಲ ಆಕಿ.

ಒಂದಿನ ಫೋನ್ ಬಂತು. 'ನಿಲ್ಲಿಸು' ಒತ್ತಿ ಚಾ ತರಾಕ ಹೋದೆ. ಬಂದು ನೋಡ್ತೀನಿ, ಪರದೆ ಮ್ಯಾಲೆ ಅವ್ವ ಸೆರಗು ಇಳಿಸಿ ಕೂದಲ ಬಿಚ್ಚಿ ಕೂತಾಳ. ಫೋಟೋ ಬದಲಾಗಕೋತನ ಐತಿ! ಮತ್ತ ಒತ್ತಿದೆ, ನಿಲ್ಲಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ತಪ್ಪು ನಂದ. ಸೆಟ್‌ಇಂಟರ್ವಲ್ ಕರೆದಾಗೊಮ್ಮೆ ಒಂದು ನಂಬರ್ ಕೊಡತೈತಿ. ಆ ನಂಬರ್ ಹೇಳಿದ್ರ ಮಾತ್ರ ಕ್ಲಿಯರ್‌ಇಂಟರ್ವಲ್ ಅದನ್ನ ನಿಲ್ಲಸತೈತಿ. ಫೋಟೋ ಲಗೂನ ಬರಲಿಲ್ಲಂತ ಮುಂಜಾನೆ ನಾ 'ನೋಡು' ಎರಡು ಸಲ ಒತ್ತಿದ್ದೆ. ಎರಡು ಟೈಮರ್ ಹೊಂಟಿದ್ವು, ಎರಡನೇದರ ನಂಬರು ಮೊದಲನೇದನ್ನ ಅಳಿಸಿ ಕೂತಿತ್ತು. ಗಿರಣಿಗೆ ಎರಡು ಡಬ್ಬಿ ಕೊಟ್ಟು ಒಂದ ಚೀಟಿ ತಂದಂಗ.

ಲೆಕ್ಕಾ ಹಾಕಿದ್ರ ಇನ್ನೊಂದು ನಾಚಿಕಿ. ಒಂದು ಫೋಟೋ ಸುಮಾರು 60 ಕೆಬಿ, ತಾಸಿಗೆ 3600 ಫೋಟೋ, ಅಂದ್ರ 216 ಎಂಬಿ. ಟೈಮರ್ ಎರಡಾದ್ರ ಅದರ ದುಪ್ಪಟ್ಟು. ಅವ್ವನ ಡಾಂಗಲ್‌ಗೆ ದಿನಕ್ಕ ಇರೋದ 1.5 ಜಿಬಿ, ಮೂರೂವರಿ ತಾಸಿನಾಗ ಖಾಲಿ. "ಧಾರಾವಾಹಿ ನೋಡಿ ಮುಗಸ್ತೀ" ಅಂತ ನಾ ಆಕಿಗೆ ಬೈದಿದ್ದೆ.

ಈಗ 'ನೋಡು' ಒತ್ತಿದ ಕೂಡಲೆ ಮೊದಲು ಹಳೇ ಟೈಮರ್ ನಿಲ್ಲತೈತಿ, ಆಮ್ಯಾಲೆ ಹೊಸದು ಶುರು. 'ನಿಲ್ಲಿಸು' ಒತ್ತಿದ್ರ ಪರದೆ ಮ್ಯಾಲಿನ ಚಿತ್ರಾನೂ ಅಳಿಸಿಹೋಗತೈತಿ; ಟೈಮರ್ ಒಂದ ನಿಂತ್ರ ಕಡೀ ಫೋಟೋ ಹಂಗ ಉಳಕೊಂಡು ಬಿಡತಿತ್ತು.

ರಾತ್ರಿ ಫೋನ್ ಮಾಡಿ ಎಲ್ಲಾ ಹೇಳಿದೆ. ಬೈತಾಳ ಅನಕೊಂಡಿದ್ದೆ.

"ಹಂಗಾರ ಕಂಡೆ ಅನ್ನು."

"ಕಂಡೆ, ಅವ್ವಾ."

ಚೂರು ಹೊತ್ತು ಸುಮ್ಮನಿದ್ದು ಕೇಳಿದ್ಲು, "ಕೂದಲ ಭಾಳ ಉದುರ್ಯಾವ, ಅಲ್ಲೇನೊ?"